ಕುಂಜುಮ್ ಪಾಸ್: ಮನಾಲಿಯಿಂದ ಹತ್ತಬೇಡಿ, ಕಾಜಾ ಕಡೆಯಿಂದ ಇಳಿಯಿರಿ

ನಮಸ್ಕಾರ ಸರ್. ಜುಲೈ ಕೊನೆಯಲ್ಲಿ ಥಾರ್ ತಗೊಂಡು ಮನಾಲಿಯಿಂದ ಒಂದೇ ದಿನಕ್ಕೆ ಕುಂಜುಮ್ ಪಾಸ್ (ಹಿಮಾಚಲದ ಎತ್ತರದ ಬೆಟ್ಟದಾರಿ) ದಾಟಿ ಸ್ಪಿತಿ ಕಣಿವೆಯ ಕಾಜಾ ಊರು ಸೇರಬಹುದಾ, ಜೊತೆಗೆ ಎಂಟು ವರ್ಷದ ಮಗ, ಅರವತ್ತೈದರ ಅಪ್ಪ ಇರುತ್ತಾರೆ ಅಂತ ಕೇಳಿದ್ದೀರಿ. ಗಾಡಿ ದಾಟುತ್ತದೆ. ಹಿಮಾಚಲದ ಸರ್ಕಾರಿ ಬಸ್ಸೇ ಬೇಸಿಗೆಯಲ್ಲಿ ಆ ದಾರಿಯಲ್ಲಿ ಓಡುತ್ತದೆ. ನನಗೆ ಚಿಂತೆ ಇರುವುದು ಒಳಗೆ ಕೂತ ಅಪ್ಪ ಮತ್ತು ಮಗನ ಬಗ್ಗೆ.

ಮನಾಲಿ ಇರುವುದು ಸುಮಾರು 2,050 ಮೀಟರ್‌ನಲ್ಲಿ. ಕುಂಜುಮ್ 4,550 ಮೀಟರ್ ಆಸುಪಾಸು. ಮುಳ್ಳಯ್ಯನಗಿರಿ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಅಷ್ಟು ಎತ್ತರ ಆಗುವುದಿಲ್ಲ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಂದೇ ಹಗಲಲ್ಲಿ ಇಷ್ಟು ಹತ್ತಿ, ರಾತ್ರಿ ಪಾಸ್ ಆಚೆಯ ಲೋಸರ್ ಹಳ್ಳಿಯಲ್ಲೋ ಕಾಜಾದಲ್ಲೋ ಮಲಗಿದರೆ ಆಗಲೂ ನೀವು 3,600 ಮೀಟರ್‌ಗಿಂತ ಮೇಲೆಯೇ ಇರುತ್ತೀರಿ. ತಲೆನೋವು, ವಾಂತಿ ಶುರುವಾದರೆ ಮಾಡಬೇಕಾದ್ದು ಕೆಳಗಿಳಿಯುವುದು. ಆದರೆ ಇಳಿಯಬೇಕು ಅಂದರೆ ಮತ್ತೆ ಅದೇ ಪಾಸ್ ಹತ್ತಬೇಕು, ಇಲ್ಲವೇ ಶಿಮ್ಲಾ ಕಡೆ ತುಂಬಾ ದೂರ ಹೋಗಬೇಕು!

ಅದಕ್ಕೇ ಉಲ್ಟಾ ಬನ್ನಿ. ಶಿಮ್ಲಾ, ಕಲ್ಪಾ, ತಾಬೋ, ಕಾಜಾ. ತಾಬೋ 3,280 ಮೀಟರ್, ಮೈ ಒಗ್ಗಿಕೊಳ್ಳಲು ಒಳ್ಳೆಯ ಜಾಗ. ಕಾಜಾದಲ್ಲಿ ಎರಡು ರಾತ್ರಿ ಇರಿ. ಆಮೇಲೆ ಕುಂಜುಮ್ ಹತ್ತಿದರೆ, ಅಲ್ಲಿಂದ ಮುಂದೆ, ಅಟಲ್ ಸುರಂಗದ ಮೂಲಕ ಹೋದರೆ, ಹೆಚ್ಚುಕಡಿಮೆ ಪೂರ್ತಿ ಇಳಿಜಾರು. ಸಂಜೆಗೆ ಮನಾಲಿಯಲ್ಲಿ ಅಪ್ಪ ಹಾಯಾಗಿ ಉಸಿರಾಡುತ್ತಾರೆ. ಬಿಪಿ, ಸಕ್ಕರೆ ಇದ್ದರೆ ಹೊರಡುವ ಮುಂಚೆ ಡಾಕ್ಟರ್ ಹತ್ತಿರ ಮಾತಾಡಿಸಿ. ಥಾರ್‌ನ ಹಿಂದಿನ ಸೀಟಿಗೆ ಮಾತ್ರ ಅವರನ್ನು ಕೂರಿಸಬೇಡಿ.

ಇನ್ನು ನೀರಿನ ವಿಷಯ. ಪಾಸ್ ಇಳಿದ ಮೇಲೆ ಸಿಗುವ ಬಾತಲ್‌ನಿಂದ ಮನಾಲಿ ಕಡೆಯ ಗ್ರಾಂಫು ತನಕ ಸುಮಾರು 50 ಕಿ.ಮೀ. ಚಂದ್ರಾ ನದಿ ಪಕ್ಕದಲ್ಲೇ ದಾರಿ. ಮೇಲಿನ ಹಿಮ ಕರಗಿದ ನೀರು ನಾಲಾಗಳಾಗಿ ರಸ್ತೆ ಮೇಲೆಯೇ ಹರಿಯುತ್ತದೆ. ಬೆಳಿಗ್ಗೆ ಪಾದ ಮುಳುಗುವಷ್ಟು ಇದ್ದ ನಾಲಾ, ಬಿಸಿಲೇರಿದ ಮೇಲೆ ಮಧ್ಯಾಹ್ನ ಮೂರರ ಹೊತ್ತಿಗೆ ತೊಡೆ ಮಟ್ಟ ಬರಬಹುದು. ನಾನು ಮೊದಲ ಸಲ ಹೋದಾಗ ಚಂದ್ರತಾಲ್ ಸರೋವರದ ಹತ್ತಿರ ಫೋಟೋ ತೆಗೀತಾ ತಡಮಾಡಿದೆ. ಛೋಟಾ ದಡಾ ಹತ್ತಿರದ ನಾಲಾ ಮುಟ್ಟಿದಾಗ ನಾಲ್ಕು ಗಂಟೆ. ನೀರಿನಡಿ ಕಲ್ಲುಗಳು ಉರುಳುವ ಗಡಗಡ ಸದ್ದು ಗಾಡಿಯೊಳಗೆ ಕೇಳುತ್ತಿತ್ತು. ಹೆಂಡತಿ ಬೇಡ ಅಂದಳು. ವಾಪಸ್ ಬಾತಲ್ ಢಾಬಾಕ್ಕೆ ಹೋಗಿ ಮಲಗಿದೆವು. ಮರುದಿನ ಆರೂವರೆಗೆ ಅದೇ ನಾಲಾ ಎರಡು ನಿಮಿಷದ ಕೆಲಸ ಆಯಿತು. ಆ ಸಂಜೆ ನುಗ್ಗಿದ್ದರೆ ಏನಾಗುತ್ತಿತ್ತೋ ಅಂತ ಈಗಲೂ ಎದೆ ಝಲ್ ಅನ್ನುತ್ತದೆ.

ಹಾಗಾಗಿ ಹಿಂದಿನ ರಾತ್ರಿ ಲೋಸರ್‌ನಲ್ಲಿ ಉಳಿದು ಐದೂವರೆಗೆ ಹೊರಡಿ. ಅಲ್ಲಿನ ಚೆಕ್ ಪೋಸ್ಟ್‌ನಲ್ಲಿ ಹೆಸರು ಬರೆಸುವಾಗ ಮುಂದಿನ ನಾಲಾಗಳ ಸ್ಥಿತಿ ವಿಚಾರಿಸಿ. ಪಾಸ್ ಮೇಲೆ ಕುಂಜುಮ್ ಮಾತೆಯ ಗುಡಿ ಇದೆ. ಗಾಡಿಗಳು ಗುಡಿಗೆ ಒಂದು ಸುತ್ತು ಹಾಕಿಯೇ ಮುಂದೆ ಹೋಗುವುದು ಅಲ್ಲಿನ ಪದ್ಧತಿ. ನೀವೂ ಹಾಕಿ. ಬೆಳಗಿನ ಬಿಸಿಲಲ್ಲಿ ಎದುರಿಗೆ ಚಂದ್ರಭಾಗಾ ಶಿಖರಗಳು ಕಾಣುವಾಗ ಮಾತೇ ಹೊರಡುವುದಿಲ್ಲ. ಆದರೆ ಹದಿನೈದು ನಿಮಿಷ ಸಾಕು, ಮಗನನ್ನು ಅಲ್ಲಿ ಓಡಾಡಲು ಬಿಡಬೇಡಿ.

ಓಡಿಸುವ ರೀತಿಯೂ ಬೇರೆ. ನಮ್ಮ ಸಕಲೇಶಪುರದ ತೋಟದ ದಾರಿಗಳಲ್ಲಿ ಕೆಸರು ಬಂದರೆ ವೇಗ ಬಿಡದೆ ಎಳೆದುಬಿಡುತ್ತೇವೆ, ಅಲ್ವಾ? ಅಲ್ಲಿ ಕೆಸರು ಕಡಿಮೆ, ತಲೆ ಗಾತ್ರದ ಕಲ್ಲು ಜಾಸ್ತಿ. ಆ ವೇಗ ಹೊತ್ತುಕೊಂಡು ಹೋದರೆ ಟೈರ್ ಸೈಡ್‌ವಾಲ್ ಸೀಳುತ್ತದೆ, ಇಲ್ಲವೇ ಅಡಿಯಲ್ಲಿ ಏನಾದರೂ ಒಡೆಯುತ್ತದೆ. ಗಂಟೆಗೆ 15 ಕಿ.ಮೀ. ಹೋದರೂ ಬೇಜಾರಾಗಬೇಡಿ. ಕುಂಜುಮ್‌ನಿಂದ ಬಾತಲ್‌ಗೆ ಇಳಿಯುವ ತಿರುವುಗಳಲ್ಲಿ ಲೋ ರೇಂಜ್ (ವೇಗ ಕಡಿಮೆ, ಎಳೆತ ಜಾಸ್ತಿ ಕೊಡುವ ಗೇರ್) ಹಾಕಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ. ಎದುರಿನಿಂದ ಹತ್ತಿ ಬರುವ ಗಾಡಿಗೆ ದಾರಿ ಬಿಡಿ.

ನಾಲಾ ಸಿಕ್ಕಾಗ ಮೊದಲು ಗಾಡಿ ನಿಲ್ಲಿಸಿ. ನೀರಿಗೆ ಇಳಿದು ಆಳ ನೋಡುವ ಸಾಹಸ ಬೇಡ. ಮುಂದೆ ಹೋಗುವ ಟೆಂಪೋ ಟ್ರಾವೆಲರ್ ಯಾವ ಜಾಡು ಹಿಡಿಯಿತು, ನೀರು ಚಕ್ರದ ಎಲ್ಲಿವರೆಗೆ ಬಂತು ನೋಡಿಕೊಳ್ಳಿ. ಸಾಮಾನ್ಯವಾಗಿ ಕಲ್ಲಿನ ಮೇಲೆ ಬಿಳಿ ನೊರೆ ಎದ್ದ ಕಡೆ ಆಳ ಕಡಿಮೆ, ನುಣ್ಣಗೆ ಹರಿಯುವ ಕಡೆ ಗುಂಡಿ. ಲೋ ರೇಂಜ್, ಮೊದಲ ಗೇರ್, ಒಂದೇ ಹದದ ಆಕ್ಸಿಲರೇಟರ್. ನಡುವೆ ಕ್ಲಚ್ ಮುಟ್ಟಬೇಡಿ. ಎಂಜಿನ್ ಒಳಗೆ ನೀರು ಹೋಗಿ ಆಫ್ ಆದ ಅನುಮಾನ ಬಂದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ಹಗ್ಗ ಕಟ್ಟಿ ಎಳೆಸಿ. ದಾಟಿದ ಮೇಲೆ ಬ್ರೇಕ್ ಒಂದೆರಡು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ.

ಡೀಸೆಲ್ ಕಾಜಾದಲ್ಲೇ ಟ್ಯಾಂಕ್ ತುಂಬಾ ಹಾಕಿಸಿ. ಲೋ ಗೇರ್‌ನಲ್ಲಿ ಮೈಲೇಜ್ ತುಂಬಾ ಬೀಳುತ್ತದೆ. ಮೊಬೈಲ್ ನೆಟ್‌ವರ್ಕ್ ನಂಬಬೇಡಿ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಮುಟ್ಟುವ ಹೊತ್ತನ್ನು ಮನೆಯವರಿಗೆ ಹೇಳಿಡಿ.

ತಿಂಗಳು ಬದಲಾಯಿಸಲು ಆಗುತ್ತದಾ? ಜುಲೈ ಕೊನೆಯಲ್ಲಿ ಕಲ್ಪಾ ಇರುವ ಕಿನ್ನೌರ್ ಕಡೆ ಗುಡ್ಡ ಕುಸಿಯುತ್ತದೆ, ನಾಲಾಗಳೂ ತುಂಬಿರುತ್ತವೆ. 2023ರ ಜುಲೈನಲ್ಲಂತೂ ಹಿಮ ಬಿದ್ದು ಚಂದ್ರತಾಲ್ ಕ್ಯಾಂಪ್‌ಗಳಲ್ಲಿ ಇನ್ನೂರಕ್ಕೂ ಹೆಚ್ಚು ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು. ಸೆಪ್ಟೆಂಬರ್ ಎರಡನೇ ವಾರ ನನ್ನ ಆಯ್ಕೆ. ಆಕಾಶ ತಿಳಿಯಾಗಿರುತ್ತದೆ, ನೀರು ಇಳಿದಿರುತ್ತದೆ. ದಸರಾ ರಜೆ ತನಕ ಕಾಯಬೇಡಿ. ಅಷ್ಟೊತ್ತಿಗೆ ರಾತ್ರಿ ನೀರು ಹೆಪ್ಪುಗಟ್ಟಿ ಬೆಳಗಿನ ರಸ್ತೆ ಜಾರುತ್ತದೆ. ಮಗನಿಗೆ ಶಾಲೆಯಲ್ಲಿ ವಾರ ರಜೆ ಕೇಳಿದರೂ ಪರವಾಗಿಲ್ಲ.

ಟೈರ್ ಎಷ್ಟು ಸಾವಿರ ಓಡಿದೆ, ಸ್ಟೆಪ್ನಿ ಹೇಗಿದೆ ಅಂತ ಬರೆಯಿರಿ. ನಲವತ್ತು ದಾಟಿದ್ದರೆ ಬೆಂಗಳೂರಲ್ಲೇ ಬದಲಾಯಿಸಿಕೊಂಡು ಹೊರಡುವುದು ಒಳ್ಳೆಯದು.