ಡೆಲ್ಫ್ ಬಿ2 (ಫ್ರೆಂಚ್ ಭಾಷಾ ಪ್ರಮಾಣಪತ್ರದ) ಪರೀಕ್ಷೆಗೆ ಫ್ರೆಂಚ್ ಪ್ಲೂಪರ್ಫೆಕ್ಟ್ ಸಬ್‌ಜಂಕ್ಟಿವ್ ಬಾಯಿಪಾಠ ಮಾಡುವುದು ಹೇಗೆ? ಎಲ್ಲ ಕ್ರಿಯಾಪದಗಳಿಗೂ ಸೇರಿ ಒಳ್ಳೆಯ ಚಾರ್ಟ್ ಇದೆಯಾ?

ಚಾರ್ಟ್ ಬೇಡ. ಬಾಯಿಪಾಠವೂ ಬೇಡ. ನೀವು ಈಗ ಮಾಡಲು ಹೊರಟಿರುವುದನ್ನೇ ನಾನು ಬೆಂಗಳೂರಿನಲ್ಲಿ ಫ್ರೆಂಚ್ ಕಲಿಯುವಾಗ ಮಾಡಿದ್ದೆ. ಒಂದೊಂದು ಕ್ರಿಯಾಪದಕ್ಕೆ ಒಂದೊಂದು ಪುಟ, ಪ್ರತಿ ಪುಟದಲ್ಲಿ ಆರು ರೂಪ. ಎಮಾಸ್, ಫಿನಿಸ್, ಪ್ರೀಸ್, ವ್ಯಾಂಸ್ ಅಂತ ಬಸ್ಸಿನಲ್ಲೂ ಗುನುಗುತ್ತಿದ್ದೆ. ಮೊದಲು ತಿಳಿಯಬೇಕಾದದ್ದು ಏನೆಂದರೆ, ಇವೆಲ್ಲ ಇಂಪರ್ಫೆಕ್ಟ್ ಸಬ್‌ಜಂಕ್ಟಿವ್. ಸಬ್‌ಜಂಕ್ಟಿವ್ ಅಂದರೆ ಆಸೆ, ಸಂದೇಹ, ಊಹೆ ಮುಂತಾದವನ್ನು ಹೇಳುವಾಗ ಬರುವ ಕ್ರಿಯಾರೂಪ. ಸಹಾಯಕ ಕ್ರಿಯಾಪದ ಸೇರಿಸಿ ಎರಡು ಪದದಲ್ಲಿ ಕಟ್ಟುವ, ನೀವು ಕೇಳಿರುವ ಪ್ಲೂಪರ್ಫೆಕ್ಟ್‌ಗೆ ಇವು ಬೇಕಾಗಿಯೇ ಇಲ್ಲ.

ಬೇಕಾಗಿರುವುದು ಎರಡೇ ಸಹಾಯಕ ಕ್ರಿಯಾಪದ: ಆವ್ವಾರ್ (ಹೊಂದಿರು) ಮತ್ತು ಎತ್ರ್ (ಇರು). ಆವ್ವಾರ್‌ಗೆ ಯೂಸ್, ಯೂಸ್, ಯೂ, ಯೂಸಿಯೋಂ, ಯೂಸಿಯೆ, ಯೂಸ್. ಎತ್ರ್‌ಗೆ ಫ್ಯೂಸ್, ಫ್ಯೂಸ್, ಫ್ಯೂ, ಫ್ಯೂಸಿಯೋಂ, ಫ್ಯೂಸಿಯೆ, ಫ್ಯೂಸ್. ಇದರ ಮುಂದೆ ಯಾವ ಕ್ರಿಯಾಪದದ್ದಾದರೂ ಪಾಸ್ಟ್ ಪಾರ್ಟಿಸಿಪಲ್ (‘ಆಕ್ಸೆಪ್ತೆ’ ಥರದ ಭೂತಕೃದಂತ) ಇಟ್ಟರೆ ಮುಗಿಯಿತು. ಪಾಸೆ ಕೊಂಪೊಸೆಯಲ್ಲಿ, ಅಂದರೆ ಮಾತಿನಲ್ಲಿ ಬಳಸುವ ಮಾಮೂಲಿ ಭೂತಕಾಲದಲ್ಲಿ, ಯಾವುದಕ್ಕೆ ಎತ್ರ್ ಬರುತ್ತದೋ ಇಲ್ಲೂ ಅದಕ್ಕೇ ಎತ್ರ್. ಪಾರ್ಟಿರ್, ವೆನಿರ್, ಆಲೆ, ಮತ್ತು ‘ಸ’ (ತನ್ನನ್ನು ತಾನೇ) ಹತ್ತಿಕೊಂಡು ಬರುವ ಎಲ್ಲ ಕ್ರಿಯಾಪದಗಳು. ನೀವು ಬಿ2 ಮಟ್ಟಕ್ಕೆ ಬಂದಿದ್ದೀರಿ ಅಂದರೆ ಇದರಲ್ಲಿ ಮುಕ್ಕಾಲು ಭಾಗ ಈಗಾಗಲೇ ಗೊತ್ತು.

ಇನ್ನು ನನಗೆ ಪೆಟ್ಟು ಬಿದ್ದ ಕಥೆ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಯಾವ ಚಾರ್ಟೂ ನಿಮ್ಮನ್ನು ಇದರಿಂದ ಉಳಿಸುವುದಿಲ್ಲ.

ಕಲಿತ ಮೇಲೆ ಒಂದು ಏಜೆನ್ಸಿಗೆ ಫ್ರೆಂಚ್‌ನಿಂದ ಇಂಗ್ಲಿಷಿಗೆ ಅನುವಾದ ಮಾಡಿಕೊಡುತ್ತಿದ್ದೆ. ಒಮ್ಮೆ ಫ್ರಾನ್ಸಿನ ವಕೀಲರ ಪತ್ರ ಬಂತು. ಯಂತ್ರದ ಬಿಡಿಭಾಗ ಕೆಟ್ಟಿದ್ದಕ್ಕೆ ಅಲ್ಲಿನ ಕಂಪನಿಗೂ ಇಲ್ಲಿನ ಕಂಪನಿಗೂ ತಕರಾರು. ಪತ್ರದಲ್ಲಿ ಒಂದು ವಾಕ್ಯ: ‘ಆವೆರ್ತಿ ಆ ತಾಂ, ಲಾ ಸೊಸಿಯೆತೆ ಯೂ ಆಕ್ಸೆಪ್ತೆ ಲ ರಾಂಪ್ಲಾಸ್‌ಮಾಂ ದೆ ಪಿಯೆಸ್.’ ಸಕಾಲಕ್ಕೆ ವಿಷಯ ತಿಳಿಸಿದ್ದರಿಂದ ಬಿಡಿಭಾಗ ಬದಲಿಸಲು ಕಂಪನಿ ಒಪ್ಪಿತ್ತು ಅಂತ ಅನುವಾದ ಮಾಡಿ ಕಳಿಸಿದೆ. ವಕೀಲರು ಬರೆದಿದ್ದು ಅದರ ಉಲ್ಟಾ: ಸಕಾಲಕ್ಕೆ ತಿಳಿಸಿದ್ದರೆ ಒಪ್ಪುತ್ತಿತ್ತು. ಅಂದರೆ ನೀವು ತಿಳಿಸಲಿಲ್ಲ, ನಾವು ಒಪ್ಪಿಲ್ಲ.

ಇಲ್ಲಿನವರು ಖುಷಿಯಿಂದ, ಒಪ್ಪಿದ್ದೀರಲ್ಲ, ಯಾವಾಗ ಕಳಿಸುತ್ತೀರಿ ಅಂತ ಉತ್ತರ ಬರೆದರು. ಅಲ್ಲಿಂದ ಬಂದ ಮರುಪತ್ರದಲ್ಲಿ ಎಲ್ಲ ಹೊರಗೆ ಬಿತ್ತು. ಏಜೆನ್ಸಿ ದುಡ್ಡು ಕೊಡಲಿಲ್ಲ, ಆಮೇಲೆ ಕೆಲಸವನ್ನೂ ಕೊಡಲಿಲ್ಲ.

ಎಲ್ಲಿ ತಪ್ಪಿತು ನೋಡಿ. ಆ ‘ಯೂ’ ಎರಡು ಥರ ಇದೆ. ಇ-ಯು-ಟಿ ಅಂತ ಬರೆದರೆ ಪಾಸೆ ಆಂತೆರಿಯರ್, ನಿಜವಾಗಿ ನಡೆದು ಮುಗಿದ ಮಾತು. ಅದೇ ಯು ಮೇಲೆ ಟೋಪಿ ಇದ್ದರೆ, ಅಂದರೆ ಸಿರ್ಕೋಂಫ್ಲೆಕ್ಸ್ ಇದ್ದರೆ, ಸಬ್‌ಜಂಕ್ಟಿವ್. ಉಚ್ಚಾರ ಎರಡಕ್ಕೂ ಒಂದೇ. ನಾನು ಬಾಯಲ್ಲಿ ಹೇಳಿ ಕಲಿತವನು, ಕಿವಿಗೆ ವ್ಯತ್ಯಾಸ ಇಲ್ಲದ್ದನ್ನು ಕಣ್ಣು ಹುಡುಕಲಿಲ್ಲ. ಪತ್ರದಲ್ಲಿ ಟೋಪಿ ಸ್ಪಷ್ಟವಾಗಿಯೇ ಇತ್ತು. 1990ರ ಕಾಗುಣಿತ ಸುಧಾರಣೆ ಯು ಮೇಲಿನ ಎಷ್ಟೋ ಟೋಪಿಗಳನ್ನು ತೆಗೆಯಬಹುದು ಅಂದರೂ, ಈ ರೂಪಗಳಲ್ಲಿ ಅದನ್ನು ಉಳಿಸಿಕೊಂಡಿದೆ. ಅರ್ಥವೇ ಅದರ ಮೇಲೆ ನಿಂತಿದೆ.

ಟೋಪಿ ಕಂಡಿದ್ದರೂ ನಾನು ಅರ್ಧ ದಾರಿಯಲ್ಲೇ ನಿಲ್ಲುತ್ತಿದ್ದೆ ಅನ್ನಿಸುತ್ತದೆ. ಯಾಕೆಂದರೆ ಟೋಪಿ ಇರುವ ರೂಪಕ್ಕೂ ಎರಡು ಕೆಲಸ. ‘ಬಿಯಾಂ ಕಿಲ್ ಯೂ ಆಕ್ಸೆಪ್ತೆ’ ಅಂದರೆ ಅವನು ಒಪ್ಪಿದ್ದರೂ. ಇಲ್ಲಿ ಅವನು ನಿಜವಾಗಿ ಒಪ್ಪಿದ್ದಾನೆ. ಆದರೆ ಹಿಂದೆ ‘ಕ’ (ಮೇಲಿನ ‘ಕಿಲ್’ನಲ್ಲಿ ಇರುವ ಜೋಡಣೆಯ ಪದ) ಇಲ್ಲದೆ ಮುಖ್ಯ ವಾಕ್ಯದಲ್ಲೇ ಬಂದರೆ, ಅಥವಾ ಷರತ್ತು ಹೇಳುವ ‘ಸಿ’ ಜೊತೆ ಬಂದರೆ, ಅದು ನಡೆಯದೇ ಹೋದ ಮಾತು. ಕಂಡೀಷನಲ್ ಪಾಸ್ಟ್‌ನ ಎರಡನೇ ರೂಪ ಅಂತ ವ್ಯಾಕರಣದ ಪುಸ್ತಕಗಳು ಕರೆಯುವುದು ಇದನ್ನೇ. ‘ಕಿ ಲ್ಯೂ ಕ್ರ್ಯೂ’, ಯಾರು ತಾನೇ ನಂಬುತ್ತಿದ್ದರು, ಅಂತ ಫ್ರೆಂಚರು ಇವತ್ತಿಗೂ ಹೇಳುತ್ತಾರೆ. ಅದೂ ಇದೇ. ನನ್ನ ವಕೀಲರ ವಾಕ್ಯದಲ್ಲಿ ‘ಕ’ ಇರಲಿಲ್ಲ, ‘ಸಿ’ ಕೂಡ ಇರಲಿಲ್ಲ. ‘ಆವೆರ್ತಿ’ ಅನ್ನುವ ಒಂದು ಪದವೇ ‘ತಿಳಿಸಿದ್ದರೆ’ ಅನ್ನುವ ಭಾರ ಹೊತ್ತಿತ್ತು. ಆರು ರೂಪಗಳನ್ನು ತಡವರಿಸದೆ ಹೇಳಬಲ್ಲವನಿಗೆ ಒಂದು ವಾಕ್ಯ ಓದಲು ಬರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ: ಇದು ಬರೆಯಲು ಕಲಿಯುವ ವ್ಯಾಕರಣ ಅಲ್ಲ, ಓದಲು ಕಲಿಯುವ ವ್ಯಾಕರಣ. ಫ್ರಾನ್ಸ್‌ನಲ್ಲೇ ಇದನ್ನು ಬರೆಯಲೇಬೇಕು ಅನ್ನುವ ಕಡ್ಡಾಯ ಸಡಿಲಾಗಿ ಎಷ್ಟು ಕಾಲವಾಯಿತು! 1976ರ ಡಿಸೆಂಬರ್ 28ರ ಸರ್ಕಾರಿ ಆದೇಶವೇ, ‘ಅವನು ಮರೆತಿದ್ದಾನೆ ಅಂದುಕೊಂಡಿರಲಿಲ್ಲ’ ಅನ್ನುವಂಥ ವಾಕ್ಯದಲ್ಲಿ ‘ಕಿಲ್ ಯೂ ಉಬ್ಲಿಯೆ’ ಬದಲು ‘ಕಿಲ್ ಎ ಉಬ್ಲಿಯೆ’ ಬರೆದರೆ ಪರೀಕ್ಷೆಯಲ್ಲಿ ತಪ್ಪು ಅನ್ನಬಾರದು ಎಂದಿತು. ಮಾತಿನಲ್ಲಂತೂ ಎಲ್ಲರೂ ಹೇಳುವುದು ಆ ಎರಡನೆಯದನ್ನೇ.

ನಿಮ್ಮ ಬಿ2 ಬರವಣಿಗೆ ಒಂದು ಗಂಟೆಯದು, ಸುಮಾರು 250 ಪದ, 25 ಅಂಕ. ಅಲ್ಲಿ ಸುಮ್ನೆ ‘ಯೂಸಿಯೋಂ’ ತುರುಕಿದರೆ ಅಂಕ ಜಾಸ್ತಿ ಬರುತ್ತದೆ ಅಂತ ಯಾರಾದರೂ ಹೇಳಿದ್ದರೆ ನಂಬಬೇಡಿ. ದೂರು ಪತ್ರದ ನಡುವೆ ಅದು ಎದ್ದು ಕಾಣುತ್ತದೆ, ಮಿಕ್ಕ ಭಾಷೆ ಆ ಎತ್ತರದಲ್ಲಿ ಇರುವುದಿಲ್ಲ. ಅದರ ಬದಲು ‘ಸಿ ಜಾವೆ ಸ್ಯೂ, ಜ ಸೆರೆ ವೆನ್ಯೂ’, ಗೊತ್ತಿದ್ದರೆ ಬರುತ್ತಿದ್ದೆ, ಈ ಜೋಡಿ ನಿಮ್ಮ ಕೈಯಲ್ಲಿ ನೀರು ಕುಡಿದಷ್ಟು ಸಲೀಸಾಗಿ ಬರಬೇಕು. ‘ಬಿಯಾಂ ಕ’ (ಆದರೂ), ‘ಪೂರ್ ಕ’ (ಆಗಲಿ ಎಂದು), ‘ಇಲ್ ಫೋ ಕ’ (ಆಗಬೇಕು) ಆದಮೇಲೆ ಪ್ರೆಸೆಂಟ್ ಸಬ್‌ಜಂಕ್ಟಿವ್ ತಪ್ಪಬಾರದು. ಪರೀಕ್ಷೆಗೆ ಉಳಿದಿರುವ ಸಮಯವನ್ನು ಪೂರ್ತಿ ಇದಕ್ಕೇ ಕೊಡಿ.

ಪರೀಕ್ಷೆ ಮುಗಿದ ಮೇಲೂ ಆಸೆ ಇದ್ದರೆ, ಮುಂದೆ ಅನುವಾದಕ್ಕೆ ಇಳಿಯುವ ಯೋಚನೆ ಇದ್ದರಂತೂ, ಫ್ರೆಂಚ್ ನ್ಯಾಯಾಲಯದ ತೀರ್ಪುಗಳನ್ನೋ 19ನೇ ಶತಮಾನದ ಕಾದಂಬರಿಗಳನ್ನೋ ತೆಗೆದುಕೊಳ್ಳಿ. ಪೆನ್ಸಿಲ್ ಹಿಡಿದು ಟೋಪಿ ಇರುವ ‘ಯೂ’, ‘ಫ್ಯೂ’ ಕಂಡಲ್ಲೆಲ್ಲ ಗುರುತು ಹಾಕಿ, ಪಕ್ಕದಲ್ಲಿ ‘ನಡೆಯಿತು’ ಅಥವಾ ‘ನಡೆಯಲಿಲ್ಲ’ ಅಂತ ಕನ್ನಡದಲ್ಲಿ ಬರೆಯಿರಿ. ಯಾವುದಾದರೂ ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡರೆ ಇಲ್ಲೇ ಹಾಕಿ, ಒಟ್ಟಿಗೆ ಬಿಡಿಸೋಣ.