ವೈದ್ಯರನ್ನು ಕೇಳಿ: ಮಗಳ ಬೆನ್ನು ಡೊಂಕು, ಬ್ರೇಸ್ ಹಾಕಿಸಲೇ?

ಮೇಡಂ, ನನ್ನ ದೊಡ್ಡ ಮಗಳಿಗೆ 12 ವರ್ಷ, ಏಳನೇ ತರಗತಿ. ದೀಪಾವಳಿಯ ಎಣ್ಣೆಸ್ನಾನ ಮಾಡಿಸುವಾಗ, ಬಗ್ಗಿದವಳ ಬೆನ್ನಿನ ಬಲಭಾಗ ಉಬ್ಬಿದ್ದು ಕಂಡಿತು. ಎಕ್ಸ್‌ರೇ ತೆಗೆಸಿದೆವು. ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು), 28 ಡಿಗ್ರಿ, ಬ್ರೇಸ್ ಎಂಬ ಗಟ್ಟಿ ಕವಚ ಮೈಗೆ ಹಾಕಬೇಕು ಎಂದರು. ನೋವಿಲ್ಲ. ಇನ್ನೂ ಮೈನೆರೆದಿಲ್ಲ. ಶಾಲೆ ಚೀಲದ ಭಾರಕ್ಕೆ ಹೀಗಾಗಿದೆ, ಎಣ್ಣೆ ಹಚ್ಚಿ ನೀವಿಸಿದರೆ ಸಾಕು ಎನ್ನುತ್ತಾರೆ ಅತ್ತೆ. ಇವರು ಯೋಗ ಮಾಡಿಸೋಣ ಎನ್ನುತ್ತಾರೆ. ಅವಳು ಶಾಲೆಯ ಖೋಖೋ ತಂಡದಲ್ಲಿದ್ದಾಳೆ, ಬ್ರೇಸ್ ಎಂದರೆ ಅಳುತ್ತಾಳೆ. ಮುಂದೆ ಮದುವೆ, ಹೆರಿಗೆಗೆ ತೊಂದರೆಯಾದೀತೇ? ಎರಡನೆಯವಳಿಗೆ 9 ವರ್ಷ, ಅವಳಿಗೂ ಬರಬಹುದೇ?
— ಹೆಸರು ಬೇಡ, ಶಿರಸಿ ತಾಲ್ಲೂಕು

ಉತ್ತರ: ಚೀಲದಿಂದ ಆಗಿದ್ದಲ್ಲ. ಕೂರುವ ರೀತಿಯಿಂದ ಆಗಿದ್ದಲ್ಲ, ನೀವು ಹಾಲು ಕಡಿಮೆ ಕೊಟ್ಟಿದ್ದರಿಂದಲೂ ಅಲ್ಲ. ಇದನ್ನು ಅತ್ತೆಯವರಿಗೂ ಓದಿ ಹೇಳಿ. ಮಗಳ ಎದುರಿಗೇ ಓದಿ, ಏಕೆಂದರೆ ಈ ವಯಸ್ಸಿನ ಮಕ್ಕಳು ತಪ್ಪೆಲ್ಲ ತಮ್ಮದೇ ಎಂದುಕೊಂಡು ಒಳಗೊಳಗೇ ಕೊರಗುತ್ತಾರೆ. ಹತ್ತು ವರ್ಷ ದಾಟಿದ ಮೇಲೆ ಕಾಣಿಸಿಕೊಳ್ಳುವ ಈ ಡೊಂಕಿಗೆ ಬಹುಪಾಲು ಮಕ್ಕಳಲ್ಲಿ ಖಚಿತ ಕಾರಣ ಸಿಗುವುದಿಲ್ಲ. ವಂಶವಾಹಿಯ ಪಾಲಿದೆ.

ನೀವು ಕಂಡ ಉಬ್ಬು ಗಡ್ಡೆಯಲ್ಲ. ಬೆನ್ನುಮೂಳೆ ಪಕ್ಕಕ್ಕೆ ಬಾಗುವುದರ ಜೊತೆಗೆ ಸುರುಳಿ ಮೆಟ್ಟಿಲಿನಂತೆ ತಿರುಚಿಕೊಳ್ಳುತ್ತದೆ. ಆಗ ಒಂದು ಕಡೆಯ ಪಕ್ಕೆಲುಬುಗಳು ಹಿಂದಕ್ಕೆ ಏಳುತ್ತವೆ, ಮುಂದೆ ಬಗ್ಗಿದಾಗ ಎದ್ದು ಕಾಣುತ್ತವೆ. 1865ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಆಡಮ್ಸ್ ಹೇಳಿದ ಪರೀಕ್ಷೆಯೂ ಇದೇ. ಇಂದಿಗೂ ನಾವು ಮೊದಲು ಮಾಡುವುದು ಅದನ್ನೇ.

ಎಕ್ಸ್‌ರೇಯಲ್ಲಿ ಅಳೆದ ಡೊಂಕಿನ ಕೋನ ಹತ್ತು ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್ ಎನ್ನುತ್ತೇವೆ. ಹದಿಹರೆಯದ ನೂರು ಮಕ್ಕಳಲ್ಲಿ ಎರಡು-ಮೂರು ಮಂದಿಗೆ ಇದು ಇರುತ್ತದೆ. ಹೆಚ್ಚಿನವರಿಗೆ ಆಗಾಗ ನೋಡಿಕೊಂಡರೆ ಸಾಕು. ನಿಮ್ಮ ಮಗಳ ವಿಷಯದಲ್ಲಿ ನಾನು ಹಾಗೆ ಹೇಳಲಾರೆ. 28 ಡಿಗ್ರಿ ಎನ್ನುವುದಕ್ಕಿಂತ, ಅವಳಿನ್ನೂ ಮೈನೆರೆದಿಲ್ಲ ಎಂದು ಬರೆದಿರಲ್ಲ, ನನ್ನನ್ನು ಯೋಚನೆಗೆ ಹಚ್ಚಿದ್ದು ಅದು. ಅವಳು ಈಗ ಸರಸರ ಎತ್ತರವಾಗುವ ಕಾಲ, ಡೊಂಕು ಹೆಚ್ಚುವುದೂ ಆಗಲೇ. ಇಷ್ಟು ಬೆಳವಣಿಗೆ ಬಾಕಿಯಿದ್ದು, 20ರಿಂದ 29 ಡಿಗ್ರಿ ಇರುವ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ಅದು ಏರುತ್ತದೆ. ಯೋಗ ಮಾಡಿಸಿ ಆರು ತಿಂಗಳು ಬಿಟ್ಟು ನೋಡೋಣ ಎಂದರೆ, ಕಳೆದ ಆರು ತಿಂಗಳು ಮತ್ತೆ ಸಿಗುವುದಿಲ್ಲ.

ಬ್ರೇಸ್ ಡೊಂಕನ್ನು ನೆಟ್ಟಗೆ ಮಾಡುವುದಿಲ್ಲ, ಏರದಂತೆ ತಡೆಯುತ್ತದೆ. 2013ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾದ ದೊಡ್ಡ ಅಧ್ಯಯನವೊಂದರಲ್ಲಿ, ಬ್ರೇಸ್ ಹಾಕಿದ ಮಕ್ಕಳಲ್ಲಿ ಶೇ. 72ರಷ್ಟು ಮಂದಿ, ಆಪರೇಷನ್ನಿನ ಮಾತು ಬರುವ 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು. ಹಾಕದವರಲ್ಲಿ ಹಾಗೆ ಪಾರಾದವರು ಶೇ. 48. ಹೌದು, ಹಾಕದೆಯೂ ಅರ್ಧದಷ್ಟು ಮಕ್ಕಳು ಪಾರಾಗಿದ್ದಾರೆ. ಆದರೆ ಯಾರು ಆ ಅರ್ಧ ಎಂದು ಮುಂಚಿತವಾಗಿ ಹೇಳುವ ದಾರಿ ನಮಗಿಲ್ಲ. ದಿನಕ್ಕೆ 13 ಗಂಟೆಗೂ ಮೀರಿ ಹಾಕಿಕೊಂಡವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೀಗೆ ಪಾರಾದರು. ಬೀರುವಿನಲ್ಲಿಟ್ಟ ಬ್ರೇಸಿನಿಂದ ಏನೂ ಆಗದು. ಸಾಮಾನ್ಯವಾಗಿ 18 ಗಂಟೆ ಅಥವಾ ಹೆಚ್ಚು ಹೇಳುತ್ತಾರೆ. ಸ್ನಾನಕ್ಕೆ, ಖೋಖೋಗೆ ತೆಗೆಯಬಹುದು. ಖೋಖೋ ನಿಲ್ಲಿಸಲೇಬೇಡಿ.

ಮೆಡಿಕಲ್ ಅಂಗಡಿಯ ಸೊಂಟದ ಬೆಲ್ಟ್ ಇದಕ್ಕೆ ಆಗದು. ಮಗುವಿನ ಮೈ ಅಳತೆ ತೆಗೆದು ಮಾಡಿಸಬೇಕು. ಹಾಕಿಕೊಂಡೇ ಒಂದು ಎಕ್ಸ್‌ರೇ ತೆಗೆಸಿ, ಡೊಂಕು ಒಳಗೆ ಎಷ್ಟು ತಗ್ಗಿದೆ ಎಂದು ನೋಡಬೇಕು. ತಗ್ಗದಿದ್ದರೆ ಬ್ರೇಸನ್ನೇ ತಿದ್ದಿಸಬೇಕು, ಇದನ್ನು ನೀವೇ ಕೇಳಿ. ಒಳಗೆ ತೆಳು ಹತ್ತಿಯ, ಹೊಲಿಗೆ ಒತ್ತದ ಬನಿಯನ್ ಇರಲಿ. ಬೆವರಿದಾಗೆಲ್ಲ ಬದಲಿಸಿ. ಬ್ರೇಸಿನ ಒಳಗೆ ಎಣ್ಣೆ, ಪೌಡರು ಬೇಡ. ಬಿಚ್ಚಿದ ಅರ್ಧ ಗಂಟೆಯಲ್ಲಿ ಚರ್ಮದ ಕೆಂಪು ಹೋಗದಿದ್ದರೆ ತೋರಿಸಿ. ಯೂನಿಫಾರ್ಮ್ ಒಂದು ಅಳತೆ ದೊಡ್ಡದು ಹೊಲಿಸಿ, ಹೊರಗೆ ಗೊತ್ತೇ ಆಗುವುದಿಲ್ಲ. ಮೊದಲ ವಾರ ರಾತ್ರಿ ನಿದ್ದೆ ಕಷ್ಟ. ಗಂಟೆ ಗಂಟೆಯಾಗಿ ಏರಿಸುತ್ತಾ ಹೋಗಿ. ಎಷ್ಟು ಹೊತ್ತಿಗೆ ಹಾಕಬೇಕು, ಎಷ್ಟು ಹೊತ್ತಿಗೆ ಬಿಚ್ಚಬೇಕು ಎಂಬುದನ್ನು ಅವಳೇ ಗೊತ್ತುಮಾಡಲಿ.

ಯೋಗವೋ ವ್ಯಾಯಾಮವೋ ಜೊತೆಗಿರಲಿ, ಬ್ರೇಸಿನ ಬದಲಿಗೆ ಬೇಡ. ಸ್ನಾನಕ್ಕೆ ಮೊದಲು ಎಣ್ಣೆ ಹಚ್ಚಿದರೆ ತೊಂದರೆಯಿಲ್ಲ. ಆದರೆ ಮೂಳೆ ಕೂರಿಸುತ್ತೇನೆಂದು ಬೆನ್ನು ತಿರುಚುವವರ ಕೈಗೆ ದಯವಿಟ್ಟು ಮಗುವನ್ನು ಕೊಡಬೇಡಿ.

ನಾಲ್ಕರಿಂದ ಆರು ತಿಂಗಳಿಗೊಮ್ಮೆ, ನಿಂತುಕೊಂಡು, ಇಡೀ ಬೆನ್ನಿನ ಎಕ್ಸ್‌ರೇ. 45-50 ಡಿಗ್ರಿ ದಾಟಿದರೆ ಆಪರೇಷನ್ನಿನ ಮಾತು ಬರುತ್ತದೆ. ಅಷ್ಟಾದ ಡೊಂಕು ಬೆಳವಣಿಗೆ ನಿಂತ ಮೇಲೂ ನಿಧಾನವಾಗಿ ಏರುತ್ತಲೇ ಇರುವುದರಿಂದ ಸ್ಕ್ರೂ, ರಾಡ್ ಹಾಕಿ ನಿಲ್ಲಿಸುತ್ತಾರೆ. ಈಗ ಅದರ ಚಿಂತೆ ಬೇಡ. ರಾತ್ರಿ ಎಬ್ಬಿಸುವ ಬೆನ್ನುನೋವು, ಕಾಲಿನ ಶಕ್ತಿ ಕುಂದುವುದು, ಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಹೋಗಿ. ಆಗ ಎಂಆರ್‌ಐ ಬೇಕಾಗುತ್ತದೆ.

ಮದುವೆ, ಹೆರಿಗೆ ಎರಡಕ್ಕೂ ಇದು ಅಡ್ಡಿಯಲ್ಲ. ಸ್ಕೋಲಿಯೋಸಿಸ್ ಇರುವ ಹೆಣ್ಣುಮಕ್ಕಳು ಎಲ್ಲರಂತೆ ಬಸುರಾಗಿ ಹೆರುತ್ತಾರೆ. ಬೆನ್ನಿಗೆ ಅರಿವಳಿಕೆ ಚುಚ್ಚುವ ಸಂದರ್ಭ ಬಂದರೆ ವೈದ್ಯರಿಗೆ ಮೊದಲೇ ತಿಳಿಸಬೇಕು, ಅಷ್ಟೆ. 100 ಮೀಟರ್ ಓಟದ ವಿಶ್ವದಾಖಲೆಯ ಉಸೇನ್ ಬೋಲ್ಟ್‌ಗೂ ಸ್ಕೋಲಿಯೋಸಿಸ್ ಇದೆ. ಖೋಖೋ ಹುಡುಗಿಗೆ ಇದನ್ನು ಅಗತ್ಯವಾಗಿ ಹೇಳಿ.

ಎರಡನೆಯವಳಿಗೆ ಬಂದೇ ಬರುತ್ತದೆ ಎಂದಿಲ್ಲ. ಅಕ್ಕನಿಗೆ ಇರುವುದರಿಂದ ಸಾಧ್ಯತೆ ಬೇರೆ ಮಕ್ಕಳಿಗಿಂತ ಹೆಚ್ಚು. ಆರು ತಿಂಗಳಿಗೊಮ್ಮೆ ಪಾದ ಜೋಡಿಸಿ ನಿಲ್ಲಿಸಿ, ಮಂಡಿ ಮಡಚದೆ ಬಗ್ಗಿಸಿ, ಹಿಂದಿನಿಂದ ನೋಡಿ. ಬೆನ್ನಿನ ಎರಡೂ ಕಡೆ ಸಮವಾಗಿದ್ದರೆ ಎಕ್ಸ್‌ರೇ ಬೇಡ.