ಲಿನೆಜೋಲಿಡ್ ಹೇಗೆ ಕೆಲಸ ಮಾಡುತ್ತದೆ? ಯಾವಾಗ ಕೊಡುತ್ತಾರೆ?

ಮಾಮೂಲಿ ಆಂಟಿಬಯಾಟಿಕ್‌ಗಳಿಗೆ ಬಗ್ಗದ ಗ್ರಾಂ-ಪಾಸಿಟಿವ್ (ಗ್ರಾಂ ಬಣ್ಣದ ಪರೀಕ್ಷೆಯಲ್ಲಿ ನೇರಳೆಯಾಗಿ ಕಾಣುವ) ಬ್ಯಾಕ್ಟೀರಿಯಾಗಳಿಗೆ, ಅಂದರೆ ಎಂಆರ್‌ಎಸ್‌ಎ (ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್), ವ್ಯಾಂಕೊಮೈಸಿನ್ ಎಂಬ ಪ್ರಬಲ ಆಂಟಿಬಯಾಟಿಕ್‌ಗೂ ಜಗ್ಗದ ಎಂಟರೊಕಾಕಸ್ ಇಂಥವಕ್ಕೆ ಕೊಡುವ ಔಷಧಿ ಇದು. ಅಮೆರಿಕದಲ್ಲಿ 2000ದಲ್ಲಿ ಅನುಮತಿ ಸಿಕ್ಕಿತು. ನ್ಯುಮೋನಿಯಾ, ಚರ್ಮದ ಸೋಂಕು, ಈಗ ಔಷಧಿಗೆ ಬಗ್ಗದ ಕ್ಷಯಕ್ಕೂ ಬಳಸುತ್ತಾರೆ. ಇ. ಕೋಲಿಯಂಥ ಗ್ರಾಂ-ನೆಗೆಟಿವ್‌ಗಳ ಮೇಲೆ ಇದರ ಆಟ ನಡೆಯುವುದಿಲ್ಲ. ಹಾಗಾಗಿ, ಹೆಚ್ಚಾಗಿ ಇ. ಕೋಲಿಯಿಂದಲೇ ಬರುವ ಮೂತ್ರದ ಉರಿಗೆಲ್ಲ ಕೇಳಿ ತೆಗೆದುಕೊಳ್ಳುವ ಮಾತ್ರೆ ಅಲ್ಲ.

ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸಲು ಅದರ ರೈಬೋಸೋಮ್‌ನ (ಜೀವಕೋಶದೊಳಗಿನ ಪ್ರೋಟೀನ್ ಕಾರ್ಖಾನೆ) ಎರಡು ಭಾಗಗಳು ಕೂಡಿಕೊಳ್ಳಬೇಕು. ಲಿನೆಜೋಲಿಡ್ 50ಎಸ್ ಎಂಬ ದೊಡ್ಡ ಭಾಗಕ್ಕೆ ಅಂಟಿಕೊಂಡು ಕೆಲಸ ಶುರುವಾಗುವುದನ್ನೇ ತಪ್ಪಿಸುತ್ತದೆ. ಸ್ಟ್ಯಾಫಿಲೊಕಾಕಸ್ ಸಾಯುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ; ಉಳಿದದ್ದು ನಮ್ಮ ರೋಗನಿರೋಧಕ ಶಕ್ತಿಯ ಪಾಲಿಗೆ.

ನನಗೆ ಇದರಲ್ಲಿ ಮೆಚ್ಚುಗೆಯಾಗುವುದು, ನುಂಗಿದ ಮಾತ್ರೆ ಬಹುತೇಕ ಪೂರ್ತಿ ರಕ್ತಕ್ಕೆ ಸೇರುತ್ತದೆ ಎನ್ನುವುದು. ವಯಸ್ಕರಿಗೆ ಸಾಮಾನ್ಯವಾಗಿ 600 ಮಿ.ಗ್ರಾಂ, 12 ಗಂಟೆಗೊಮ್ಮೆ. ಡ್ರಿಪ್‌ನಿಂದ ಮಾತ್ರೆಗೆ ಬದಲಿಸಿದರೂ ಡೋಸ್ ಅಷ್ಟೇ.

ಎರಡು ವಾರ ದಾಟಿದರೆ ಪ್ಲೇಟ್‌ಲೆಟ್ ಇಳಿಯುವ ಭಯ ಹೆಚ್ಚು, ಅದಕ್ಕೇ ವಾರಕ್ಕೊಮ್ಮೆ ರಕ್ತಪರೀಕ್ಷೆ. ತಿಂಗಳುಗಟ್ಟಲೆ ತೆಗೆದುಕೊಳ್ಳುವ ಕ್ಷಯರೋಗಿಗಳಲ್ಲಿ ಪಾದ ಜೋಮು ಹಿಡಿಯುವುದು, ದೃಷ್ಟಿ ಮಂಜಾಗುವುದೂ ಉಂಟು. ಖಿನ್ನತೆಗೆ ಎಸಿಟಲೋಪ್ರಾಮ್‌ನಂಥ ಮಾತ್ರೆ ನಡೆಯುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ: ಎರಡೂ ಸೇರಿದರೆ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕ ಅತಿಯಾಗಿ ನಡುಕ, ಜ್ವರ, ಗೊಂದಲ ಕಾಣಿಸಿಕೊಳ್ಳಬಹುದು.